ತಮ್ಮ ಪಾದದಡಿಯ ಹದಿನೇಳನೆಯ ಸಂಪುಟ

ವಿಶ್ವವಿದ್ಯಾಲಯದ ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ, ನಿಯತಕಾಲಿಕಗಳ ಕೋಣೆಯ ಕಿಟಕಿಯ ಪಕ್ಕ ವಿರಾಜಮಾನರಾಗಿರುವ ಹುಡುಕುಯಂತ್ರದವರ ಸನ್ನಿಧಾನಕ್ಕೆ

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಆ ಕೋಣೆಯಲ್ಲಿ ಫ್ಯಾನ್ ತಿರುಗುವುದು ತಮ್ಮ ನೆತ್ತಿಯ ಮೇಲೆ ಮಾತ್ರ. ನಾನು ಒಂಬತ್ತು ದಿನ ತಮ್ಮೆದುರು ನಿಂತು ಹೋದ ಓದುಗ. ಕುರ್ಚಿ ಕೇಳುವ ಗುಂಡಿ ತಮ್ಮ ಪರದೆಯ ಮೇಲೆ ಇಲ್ಲದ್ದರಿಂದ ನಿಂತೇ ಇದ್ದೆ.

ನನ್ನ ಅಕ್ಕ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ವಿದೇಶಿ ಕಥೆಯನ್ನು ಅನುವಾದಿಸಿದಳು. ಅದು ಒಂದು ತ್ರೈಮಾಸಿಕದ ಹದಿನೇಳನೆಯ ಸಂಪುಟದಲ್ಲಿ ಅಚ್ಚಾಯಿತು. ಆಮೇಲಿನ ಮೂವತ್ತು ವರ್ಷ ಅವಳು ಬೇರೆಯವರ ಪಠ್ಯಪುಸ್ತಕಗಳ ಕರಡು ತಿದ್ದಿದಳು. ಈಗ ಪ್ರಕಾಶಕರೊಬ್ಬರು ಆ ಕಥೆಯನ್ನು ಒಂದು ಸಂಕಲನಕ್ಕೆ ಕೇಳಿದ್ದಾರೆ. ತಿಂಗಳ ಕೊನೆಯೊಳಗೆ ಕೈಸೇರದಿದ್ದರೆ ಆ ಜಾಗದಲ್ಲಿ ಇನ್ನೊಬ್ಬರ ಕಥೆ ಬರುತ್ತದೆ. ಅಕ್ಕನ ಸ್ವಂತ ಪ್ರತಿ, ಓದಿ ಕೊಡುತ್ತೇನೆಂದು ಒಯ್ದವರ ಜೊತೆ ಎಂದೋ ಊರು ಬಿಟ್ಟಿದೆ.

ಮೊದಲ ದಿನ ತಾವು, ಮುದ್ರಿತ ಸಂಪುಟಗಳು ಒಂದರಿಂದ ಹದಿನಾರು, ಮುಂದಿನದಕ್ಕೆ ವಿದ್ಯುನ್ಮಾನ ಪ್ರತಿ ನೋಡಿ ಎಂದಿರಿ. ನೋಡಿದೆ. ಅಲ್ಲಿ, ಹದಿನೆಂಟರಿಂದ ಲಭ್ಯ, ಹಿಂದಿನದಕ್ಕೆ ಮುದ್ರಿತ ಪ್ರತಿ ನೋಡಿ ಎಂದಿರಿ. ಅಣ್ಣನನ್ನು ಕೇಳಿ ಎಂದು ತಮ್ಮನೂ, ತಮ್ಮನನ್ನು ಕೇಳಿ ಎಂದು ಅಣ್ಣನೂ ಸಾಗಹಾಕುವ ಮನೆಗಳನ್ನು ಕಂಡಿದ್ದೇನೆ, ಆದರೆ ಎರಡೂ ಬಾಗಿಲಲ್ಲಿ ಒಬ್ಬರೇ ನಿಂತು ಇಷ್ಟು ನಯವಾಗಿ ಕಳಿಸಿದ್ದನ್ನು ಕಂಡಿರಲಿಲ್ಲ. ನಾಲ್ಕನೆಯ ದಿನ ಸಂಪುಟದ ಸಂಖ್ಯೆಯನ್ನೇ ಕೊಟ್ಟು ಕೇಳಿದಾಗ, 'ಲಭ್ಯ: ಇದೇ ಕೋಣೆ' ಎಂದು ಹಸಿರಕ್ಷರದಲ್ಲಿ ಅಪ್ಪಣೆ ಕೊಡಿಸಿದಿರಿ. ಆ ಒಂದು ಮಾತನ್ನು ನಂಬಿ ನಲವತ್ತೆರಡು ಕಪಾಟುಗಳನ್ನು, ಅವುಗಳ ಹಿಂದಿನ ಗೋಡೆಯನ್ನೂ ಸೇರಿಸಿ, ನೋಡಿ ಮುಗಿಸಿದೆ.

ಅಕ್ಕ ಸಂಜೆ ಏನನ್ನೂ ಕೇಳುತ್ತಿರಲಿಲ್ಲ. ನನ್ನ ಹೆಗಲ ಚೀಲ ಭಾರಕ್ಕೆ ಜೋತುಬಿದ್ದಿದೆಯೇ ಎಂದು ನೋಡಿ ಒಳಗೆ ಹೋಗುತ್ತಿದ್ದಳು. ಎಂಟನೆಯ ಸಂಜೆ ಮಾತ್ರ, "ಬಿಡೋ, ಅದೇನು ಅಷ್ಟು ಚೆನ್ನಾಗಿರಲಿಲ್ಲ" ಎಂದಳು. ಅಂದು ತಮ್ಮ ಮೇಲಿದ್ದ ನನ್ನ ಗೌರವ ಸ್ವಲ್ಪ ತೆಳುವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮರುದಿನ, ನಿವೃತ್ತಿಗೆ ಎರಡು ತಿಂಗಳಿದ್ದ ಗ್ರಂಥಾಲಯದ ಸಹಾಯಕಿಯನ್ನು ಕರೆದು ಆ ಹಸಿರಕ್ಷರ ತೋರಿಸಿದೆ. ಆಕೆ ಪರದೆ ನೋಡಲಿಲ್ಲ. ಪರದೆಯ ಕೆಳಗೆ ನೋಡಿದರು.

"ಇದು ಬಂದ ಹೊಸದರಲ್ಲಿ ತಗ್ಗಾಯ್ತು, ಕತ್ತು ನೋಯುತ್ತೆ ಅಂತ ಎಲ್ಲರೂ ಗೊಣಗ್ತಿದ್ರು. ಕೈಗೆ ಸಿಕ್ಕ ದಪ್ಪದೊಂದನ್ನ ಅಡಿಗಿಟ್ಟೆ" ಎಂದರು.

ಹೀಗೆ ತಮ್ಮನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ತಮ್ಮ ಪಾದದಡಿಯಿಂದ ಹದಿನೇಳನೆಯ ಸಂಪುಟವನ್ನು ಬಿಡಿಸಿಕೊಂಡೆವು. ತಾವು ಸುಳ್ಳು ಹೇಳಿರಲಿಲ್ಲ. ಇನ್ನೂ ಹೇಳಬೇಕೆಂದರೆ, ವಿದ್ಯುನ್ಮಾನ ಪ್ರತಿ ಬಂತೆಂಬ ಸಂಭ್ರಮದಲ್ಲಿ ಲೆಕ್ಕ ತಪ್ಪಿ ಹದಿನೇಳರಿಂದ ಮುಂದಿನದೆಲ್ಲ ರದ್ದಿಯವನ ಗಾಡಿ ಏರಿದಾಗ, ಇದೊಂದು ಉಳಿದದ್ದು ತಾವು ಅದರ ಮೇಲಿಂದ ಏಳದೆ ಇದ್ದದ್ದರಿಂದ. ಸಾಹಿತ್ಯಕ್ಕೆ ತಮ್ಮ ತೂಕ ಸಲ್ಲಿಸಿದ ಸೇವೆಯನ್ನು ತಮ್ಮ ಜ್ಞಾನ ಸಲ್ಲಿಸಿದ್ದಿಲ್ಲ.

ಅಕ್ಕ ಜೆರಾಕ್ಸ್ ಪ್ರತಿಯನ್ನು ನಿಂತಲ್ಲೇ ಓದಿದಳು, ಅಭ್ಯಾಸಬಲದಿಂದ ಕೆಂಪು ಪೆನ್ಸಿಲ್ ತೆಗೆದು ಎರಡು ಕಡೆ ತಿದ್ದಿದಳು, ಕೊನೆಯ ಪುಟವನ್ನು ಮತ್ತೊಮ್ಮೆ ಓದಿ, "ಪರವಾಗಿಲ್ಲ ಕಣೋ" ಎಂದಳು. ಗಡುವಿಗೆ ಎರಡು ದಿನವಿರುವಾಗ ಕಥೆ ಪ್ರಕಾಶಕರಿಗೆ ತಲುಪಿತು.

ಇನ್ನು ನನ್ನ ಕೋರಿಕೆಗಳು. ದಯವಿಟ್ಟು ವಾರಕ್ಕೊಮ್ಮೆಯಾದರೂ ಮೇಜಿನಿಂದಿಳಿದು ಕಪಾಟುಗಳ ನಡುವೆ ಒಂದು ಸುತ್ತು ಅಡ್ಡಾಡಿ ಬರಬೇಕು. ಧೂಳಿಗೆ ಒಮ್ಮೆ ಸೀನಬೇಕು. 'ನನಗೆ ಗೊತ್ತಿಲ್ಲ, ಆಕೆಯನ್ನು ಕೇಳಿ' ಎಂಬ ವಾಕ್ಯವನ್ನು ಆಕೆಯ ನಿವೃತ್ತಿಗೆ ಮೊದಲೇ ಕಲಿಯಬೇಕು.

ಇಂತಿ, ಹಸಿರಕ್ಷರವನ್ನು ಇಂದಿಗೂ ನಂಬುವ,
ತಮ್ಮ ವಿಶ್ವಾಸಿ,
ಕರಡು ತಿದ್ದುವವಳ ತಮ್ಮ

ಮರೆತ ಮಾತು: ಈಗ ತಮ್ಮ ಅಡಿಯಲ್ಲಿರುವುದು ತಮ್ಮದೇ ಬಳಕೆಯ ಕೈಪಿಡಿ, ಯಾರೂ ತೆರೆಯದ್ದರಿಂದ ಗಟ್ಟಿಮುಟ್ಟಾಗಿದೆ. ಹದಿನೇಳನೆಯ ಸಂಪುಟ ಕಪಾಟಿನಲ್ಲಿ, ಹದಿನಾರರ ಪಕ್ಕ, ತನ್ನ ಜಾಗದಲ್ಲೇ ನಿಂತಿದೆ. ನಿನ್ನೆ ಸುಮ್ಮನೆ ಅದನ್ನೇ ತಮ್ಮಲ್ಲಿ ವಿಚಾರಿಸಿದೆ. 'ಲಭ್ಯವಿಲ್ಲ' ಎಂದಿರಿ.