ಹೋಗಲು ಆರು ಗಂಟೆ, ಬರಲು ಹದಿನೈದು

ನಗುವಂಥ ಪ್ರಸಂಗಗಳು ನಮ್ಮ ಮನೆಗೆ ಅಳುವ ಹೊತ್ತಿನಲ್ಲೇ ಹುಡುಕಿಕೊಂಡು ಬರುತ್ತವೆ. ಯಾಕೋ ಮೊದಲಿನಿಂದಲೂ ಹಾಗೇ.

೧. ಮಂಡಿಯ ತೂಕ

ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ತೂಕ ಹಾಕುವುದು ನನ್ನ ಕೆಲಸ. ನರ್ಸ್ ಆಗಿದ್ದ ಅಕ್ಕನಿಗೆ ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸೂಟ್‌ಕೇಸ್ ಇಪ್ಪತ್ತಮೂರು ಕೆಜಿ ಮೀರಬಾರದು ಅಂದರು ವಿಮಾನದವರು. ಮಂಡಿಯಲ್ಲೇ ತೂಗಿ "ಸರಿ ಐತೆ" ಅಂದೆ. ಏರ್‌ಪೋರ್ಟಿನಲ್ಲಿ ಇಪ್ಪತ್ತಾರು ತೋರಿಸಿತು. ಆಮೇಲೆ ಹೊಳೆಯಿತು, ಕೈ ಅಭ್ಯಾಸದಲ್ಲಿ ಖಾಲಿ ಚೀಲದ ತೂಕ ಅಂತ ಮೂರು ಕೆಜಿ ಕಳೆದಿದ್ದೆ.

ಅವ್ವ ಬೀಸಿಸಿ ಕೊಟ್ಟಿದ್ದ ರಾಗಿ ಹಿಟ್ಟು ನನ್ನ ಜೊತೆ ವಾಪಸ್ ಬಂತು. ಅವ್ವ ಹಿಟ್ಟನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಚೀಲದ ತೂಕ ಕಳೆದ್ಯೇನಲೇ? ವಿಮಾನದೋರೇನು ಅಡಿಕೆ ತಗಳಾಕೆ ಬಂದಿದ್ರಾ?"

೨. ತವರಿನ ದಾರಿ

ಹಿಂದಿರುಗಿ ಬರುವ ಟಿಕೆಟ್ಟನ್ನೂ ಅಕ್ಕ ನನ್ನ ಫೋನಿಗೆ ಕಳಿಸಿದ್ದಳು. ಎಷ್ಟು ಹೊತ್ತಿನ ದಾರಿ ಅಂತ ಅವ್ವ ಕೇಳಿದಳು. ಹೋಗುವಾಗ ಮಧ್ಯಾಹ್ನ ಒಂದಕ್ಕೆ ಹೊರಟು ಸಂಜೆ ಏಳಕ್ಕೆ ಇಳಿಯುವುದು. ಬರುವಾಗ ಮಧ್ಯಾಹ್ನ ಎರಡಕ್ಕೆ ಹೊರಟು ಮರುದಿನ ಬೆಳಗ್ಗೆ ಐದಕ್ಕೆ.

"ಹೋಗಾಕೆ ಆರು ಗಂಟೆ, ಬರಾಕೆ ಹದಿನೈದಾ? ಎದುರು ಗಾಳಿ ಇರ್ತೈತೇನೋ," ಅಂದಳು ಅವ್ವ.

ನನಗೂ ಹಾಗೇ ಅನ್ನಿಸಿತು. ಮಂಡಿಯ ಗುಮಾಸ್ತರು ಬಿಡಿಸಿ ಹೇಳಿದರು, ಎಂಟು ಸಾವಿರ ಕಿಲೋಮೀಟರು, ಎರಡು ಕಡೆಯೂ ಹತ್ತೂವರೆ ಗಂಟೆಯೇ, ಅಲ್ಲಿನ ಗಡಿಯಾರ ನಾಲ್ಕೂವರೆ ಗಂಟೆ ಹಿಂದಿದೆ ಅಷ್ಟೇ ಅಂತ. ಮನೆಗೆ ಬಂದು ಅವ್ವನಿಗೂ ಹೇಳಿದೆ. ಅವಳು ಒಪ್ಪಲಿಲ್ಲ.

"ನಿಮ್ಮ ಗುಮಾಸ್ತರು ಗಂಡಸರಲ್ವೇನಪ್ಪ. ಹೆಣ್ಮಕ್ಕಳಿಗೆ ತವರಿಗೆ ಬರಾ ದಾರಿನೇ ಉದ್ದ."

೩. ಬಿಸಿ ಮುದ್ದೆ

ಮರುವರ್ಷ ಅವ್ವನ ಹೃದಯ ಸೋತಿತು. ಮನೆಗೆ ಕರೆದುಕೊಂಡು ಹೋಗಿ, ನೋಡುವವರು ನೋಡಲಿ ಅಂದರು ಡಾಕ್ಟರು. ಅಕ್ಕ ಸಿಕ್ಕಿದ ವಿಮಾನ ಹತ್ತಿದಳು.

"ಹತ್ತೂವರೆ ಗಂಟೆ ಕಣವ್ವ, ಬಂದೇ ಬಿಡ್ತಾಳೆ," ಅಂದೆ.

"ಹದಿನೈದೇ ಇಟ್ಕಳಾಣ ಬಿಡು. ಕಮ್ಮಿ ಇಟ್ಕಂಡು ಕಾದ್ರೆ ಸಂಕಟ."

ಬೆಳಗ್ಗೆ ಅಕ್ಕನ ಫೋನು ಬಂತು. ಹಿರಿಯೂರಿನಲ್ಲಿದ್ದಳು. ಅವ್ವ ಕಣ್ಣು ಬಿಟ್ಟು ನನ್ನ ಹೆಂಡತಿಯನ್ನು ಕರೆದಳು.

"ಹಿರಿಯೂರಿಗೆ ಬಂದ್ಲಂದ್ರೆ ಬಂದಂಗೇ. ಎಸರಿಡವ್ವ. ಅವತ್ತು ಇವನು ವಾಪಸ್ ತಂದ ಹಿಟ್ಟಿನ ಸಾಲ ಇವತ್ತು ತೀರ್ಲಿ."

ಮುದ್ದೆ ಬಿಸಿ ಇರುವಾಗಲೇ ಅವ್ವ ಹೋದಳು. ಅಕ್ಕ ಆಗಿನ್ನೂ ಚಿತ್ರದುರ್ಗ ದಾಟುತ್ತಿದ್ದಳು. ಎಂಟು ಸಾವಿರ ಕಿಲೋಮೀಟರು ಸರಿಯಾದ ಹೊತ್ತಿಗೇ ಬಂದವಳಿಗೆ ಕೊನೆಯ ಮುಕ್ಕಾಲು ಗಂಟೆ ಸಿಗಲಿಲ್ಲ. ತವರಿಗೆ ಬರುವ ದಾರಿಯೇ ಉದ್ದ ಅಂದ ಅವ್ವನ ಲೆಕ್ಕವೇ ಸರಿ ಇತ್ತು.

೪. ಮತ್ತೆ ತಕ್ಕಡಿ

ತಿಥಿ ಮುಗಿಸಿ ಅಕ್ಕ ಹೊರಟಳು. ಮತ್ತೆ ಮಂಡಿಯಲ್ಲಿ ಸೂಟ್‌ಕೇಸ್ ತೂಗಿದೆ. ಇಪ್ಪತ್ತೈದು. ತೆಗೆದು ನೋಡಿದರೆ ಸೀರೆಗಳ ನಡುವೆ ಅವ್ವ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದ ಕಲ್ಲಿನ ಕುಟ್ಟಾಣಿ.

"ಅದನ್ನ ತೆಗೀಬ್ಯಾಡ," ಅಂದಳು ಅಕ್ಕ. "ಚೀಲದ ತೂಕ ಕಳಿ. ಸರಿ ಹೋಗ್ತೈತೆ."

"ಬ್ಯಾಡ ಕಣಕ್ಕ," ಅಂದೆ ನಾನು, "ಅವ್ವ ಬೈತಾಳೆ."

ಅಕ್ಕ ತಕ್ಕಡಿಯ ಪಕ್ಕ ಕೂತು, ಬಂದ ಮೇಲೆ ಮೊದಲ ಸಲ, ಕಣ್ಣೀರು ಬರುವ ಹಾಗೆ ನಕ್ಕಳು. ನಾನು ಸೀರೆಗಳನ್ನು ತೆಗೆದಿಟ್ಟು, ಕುಟ್ಟಾಣಿ ಒಳಗಿಟ್ಟು, ಏನೂ ಕಳೆಯದೆ ತೂಗಿದೆ.