ಬಜಾರು ಒಪ್ಪದ ನಿವೃತ್ತಿ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದ ನಾನು ತೊಂಬತ್ತರ ದಶಕದ ಕೊನೆಗೆ, ಐವತ್ತೆರಡರ ವಯಸ್ಸಿನಲ್ಲೇ, ಸ್ವಯಂನಿವೃತ್ತಿ ಕೇಳಿದೆ. ಇಲಾಖೆ ಒಪ್ಪಿತು. ಬಜಾರು ಇನ್ನೂ ಒಪ್ಪಿಲ್ಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ.

ಓದಲೆಂದು ಕೂಡಿಟ್ಟ ಪುಸ್ತಕಗಳಿದ್ದವು. ಎರಡು ತಿಂಗಳು ಓದಿದೆ. ಆಮೇಲೆ, ಸಂಜೆಯಾದರೆ ನಾಲ್ಕು ಜನರ ನಡುವೆ ಕೂರಬೇಕು ಅನ್ನಿಸತೊಡಗಿತು. ಬಸವಕಲ್ಯಾಣದಲ್ಲಿ ಗಂಡಸರು ಸಂಜೆ ಕೂರುವುದು ಅಂಗಡಿಗಳ ಕಟ್ಟೆಯ ಮೇಲೆ. ನನಗೆ ಬೇಕಾದದ್ದು ಅಲ್ಲೊಂದು ಜಾಗ, ಅಷ್ಟೇ.

ಅರ್ಧ ಕಿಲೊ ಬೆಲ್ಲ

ಸುಮ್ಮನೆ ಹೋಗಿ ಕೂರುವುದು ಹೇಗೆಂದು ಮೊದಲ ದಿನ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೊ ಬೆಲ್ಲ ಕೇಳಿದೆ. ಅಂಗಡಿಯಾತ ಎದುರಿಗಿದ್ದ ತಕ್ಕಡಿ ಬಿಟ್ಟು ಒಳಗಿನಿಂದ ಇನ್ನೊಂದು ತಂದ. ಒರೆಸಿದ. ತೂಗಿದ. ನನ್ನ ಮುಖ ನೋಡಿ ಒಂದು ತುಂಡು ಮೇಲೆ ಹಾಕಿದ. ನಾನು ಮಾತಾಡದ್ದು ನೋಡಿ ಮತ್ತೊಂದು ಹಾಕಿದ. ಮಾತು ಕಡಿಮೆ ಇರುವುದು ನನ್ನ ಸ್ವಭಾವ. ಅದಕ್ಕೆ ತೂಕವಿದೆಯೆಂದು ಅಂದೇ ಗೊತ್ತಾದದ್ದು.

ಮನೆಯಲ್ಲಿ ತೂಗಿದರೆ ಆರುನೂರು ಗ್ರಾಂ. ನೌಕರಿಯಲ್ಲಿದ್ದಾಗ ತಿನ್ನದ್ದನ್ನು ಈಗ ಶುರು ಮಾಡಿದಿರಾ ಎಂದು ಹೆಂಡತಿ ಕೇಳಿದಳು. ಹೆಚ್ಚಿನ ನೂರು ಗ್ರಾಂ ಕಾಗದದಲ್ಲಿ ಕಟ್ಟಿಕೊಂಡು ತಿರುಗಿ ಹೋದೆ. ನಾನು ಬರುವುದನ್ನು ದೂರದಿಂದಲೇ ಕಂಡರೋ ಏನೋ, ಆ ಸಾಲಿನ ಏಳು ಅಂಗಡಿಗಳೂ ಮುಚ್ಚಿದ್ದವು. ಮರುದಿನ ವಿಚಾರಿಸಿದರೆ, ನಿನ್ನೆ ಅಮಾವಾಸ್ಯೆ ಇತ್ತಲ್ಲರಿ ಎಂದರು.

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು.

ನಿವೃತ್ತಿಯ ಕಾಗದ

ಕೊನೆಗೆ ಶಾಲೆಯ ಗೆಳೆಯನ ಬಟ್ಟೆ ಅಂಗಡಿಗೆ ಹೋದೆ. ಅವನ ಕಟ್ಟೆಯ ಮೇಲೆ ಮೂರು ಸಂಜೆ ಕೂತೆ. ನಾನಿದ್ದಷ್ಟು ಹೊತ್ತು ಅವನು ಮೀಟರ್ ಕೋಲು ಹಿಡಿದು ಪ್ರತಿ ತುಂಡನ್ನೂ ಎರಡೆರಡು ಸಲ ಅಳೆಯುತ್ತಿದ್ದ. ಒಳಗೆ ಬಂದ ಗಿರಾಕಿಗಳು ನನ್ನನ್ನು ನೋಡಿ, ಅಂಗಡಿಯ ಮೇಲೆ ರೇಡ್ ಆಗಿದೆ ಎಂದುಕೊಂಡು ಹಿಂದೆ ಸರಿಯುತ್ತಿದ್ದರು. ಮೂರನೆಯ ದಿನ ಅವನು ಚಹಾ ಕೊಟ್ಟು ಮೆಲ್ಲಗೆ ಕೇಳಿದ: “ಖರೇ ಹೇಳು ದೋಸ್ತ. ನೌಕರಿ ಬಿಟ್ಟೀಯೋ, ಗುಪ್ತವಾಗಿ ಮಾಡಾಕತ್ತೀಯೋ?”

ನಾನು ನಿವೃತ್ತಿಯ ಆದೇಶ ತಂದು ತೋರಿಸಿದೆ. ಅವನು ಎರಡು ಸಲ ಓದಿದ. ತಾನು ನಂಬಿದರೆ ಸಾಕೇ, ಗಿರಾಕಿಗೂ ತಿಳಿಯಬೇಕಲ್ಲ ಎಂದು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ. ಗಿರಾಕಿಗಳು ಯಾರೂ ಓದಲಿಲ್ಲ. ಮೇಲೆ ತೂಕ-ಅಳತೆ ಇಲಾಖೆಯ ಹೆಸರು, ಕೆಳಗೆ ಸರ್ಕಾರಿ ಮೊಹರು ಕಂಡು, ಈ ಅಂಗಡಿಯ ಅಳತೆ ಸರಿಯೆಂದು ಸರ್ಕಾರವೇ ಬರೆದುಕೊಟ್ಟಿದೆ ಎಂದುಕೊಂಡರು. ವಾರದಲ್ಲಿ ಅಂಗಡಿ ತುಂಬಿತು.

ಕಾಗದ ವಾಪಸು ಕೇಳಿದಾಗ ಗೆಳೆಯ ಹೇಳಿದ: “ಅದು ಇಲ್ಲೇ ಇರಲಿ. ನೀ ಮನೀಗೆ ಹೋಗು.”

ಸಂತೆಯ ಕಲ್ಲು

ನನ್ನ ಮೋರೆ ಸಣ್ಣಗಾದದ್ದನ್ನು ಕೇಳಿ ಹುಮನಾಬಾದಿನ ತಂಗಿ ಕರೆಸಿಕೊಂಡಳು. ಕನಿಕರದಿಂದ ಎಂದುಕೊಂಡೆ. ಸಂತೆಯ ದಿನ ಓಣಿಯ ಐವರು ಹೆಂಗಸರೊಂದಿಗೆ ಚೀಲ ಹಿಡಿದು ನಿಂತಿದ್ದಳು. ಚಿಟಗುಪ್ಪದಿಂದ ಕಾಯಿಪಲ್ಯ ತರುವ ಒಬ್ಬ ಮುದುಕಿ ಕಿಲೊ ಬದಲು ಕಲ್ಲು ಇಟ್ಟು ತೂಗುತ್ತಾಳಂತೆ. ಆ ಕಲ್ಲಿನ ಮೇಲೆ ಇವರಿಗೆ ಬಹಳ ದಿನದ ಸಂಶಯ.

ನಾನು ಇನ್ಸ್‌ಪೆಕ್ಟರ್ ಆಗಿದ್ದವನೆಂದು ತಂಗಿ ಹೇಳಿದರೂ ಮುದುಕಿ ಹೆದರಲಿಲ್ಲ. ತನ್ನ ಗಂಡ ತಂದುಕೊಟ್ಟ ಕಲ್ಲು, ಬೇಕಾದರೆ ತೂಗಿಕೊಳ್ಳಿ ಎಂದಳು. ಪಕ್ಕದ ಅಂಗಡಿಯಿಂದ ಕಬ್ಬಿಣದ ಕಿಲೊ ತರಿಸಿ ತಕ್ಕಡಿಯ ಒಂದು ಪರಡಿಯಲ್ಲಿಟ್ಟೆ. ಇನ್ನೊಂದರಲ್ಲಿ ಕಲ್ಲು. ಸುತ್ತ ಜನ ಸೇರಿದರು. ಕಲ್ಲಿದ್ದ ಪರಡಿ ದಡ್ಡೆಂದು ಕೆಳಗಿಳಿಯಿತು. ನೂರೈವತ್ತು ಗ್ರಾಂ ಹೆಚ್ಚು. ಇಷ್ಟು ವರ್ಷ ಮುದುಕಿ ಪ್ರತಿ ಕಿಲೊಗೂ ಅಷ್ಟು ಹೆಚ್ಚು ಕೊಡುತ್ತ ಬಂದಿದ್ದಳು.

ತಂಗಿ ನನ್ನ ತೋಳು ಚಿವುಟಿದಳು. ಸುಮ್ಮನಿರು ಎಂದು ಅದರ ಅರ್ಥ. ಜೀವಮಾನವೆಲ್ಲ ಸುಮ್ಮನಿದ್ದವನು ಆಗ ಬಾಯಿಬಿಟ್ಟೆ: “ಹೆಚ್ಚೈತಿ.”

ಇಷ್ಟು ವರ್ಷ ನೌಕರಿಯಲ್ಲಿದ್ದಾಗ ಎಲ್ಲಿ ಹೋಗಿದ್ದಿರಿ ಎಂದು ಮುದುಕಿ ಕೇಳಿದಳು. ಕಡಿಮೆ ತೂಗುವವರನ್ನು ಹಿಡಿಯುವುದೇ ನಮ್ಮ ಕೆಲಸವಾಗಿತ್ತು, ಹೆಚ್ಚು ತೂಗುವವರ ಕಡೆ ನೋಡಲಿಲ್ಲ ಎಂದೆ. ಅವಳು ಗೋಣಿತಟ್ಟಿನ ಮೇಲೆ ತುಸು ಸರಿದು ಜಾಗ ಮಾಡಿದಳು.

“ಕುಂದರ್ರಿ ಇಲ್ಲಿ, ತಕ್ಕಡಿ ಹಿಡೀರಿ. ನೌಕರಿ ಬಿಟ್ಟೀರಂತಲ್ಲ, ಇನ್ನ ಮ್ಯಾಲಾದ್ರೂ ಕೆಲಸ ಮಾಡ್ರಿ.”

ಕೂತೆ. ಆಮೇಲೆ ಪ್ರತಿ ಸಂತೆಗೂ ಬಸ್ಸು ಹಿಡಿದು ಹೋಗಿ ಅಲ್ಲೇ ಕೂತು, ಕಲ್ಲಿನ ಬದಲು ಕಬ್ಬಿಣದ ಕಿಲೊ ಇಟ್ಟು ತೂಗಿದೆ. ತಂಗಿ ನನ್ನೊಂದಿಗೆ ಮಾತು ಬಿಟ್ಟಳು. ಸಂತೆಯಲ್ಲಿ ಮಾತ್ರ ಆಡುತ್ತಾಳೆ, ಅದೂ ಬಹುವಚನದಲ್ಲಿ: “ಬದನಿಕಾಯಿ ಹ್ಯಾಂಗ್ ಕೊಟ್ರಿ?”