ಹತ್ತು ಕರು, ಎರಡು ಡಬ್ಬಿ ಮತ್ತು ನಮ್ಮ ಮನೆತನದ ಉಂಡೆ

ನಮ್ಮೂರ ಪಶುವೈದ್ಯೆ ಡಾ. ರೂಪಶ್ರೀಯವರ ದಿವ್ಯ ಸನ್ನಿಧಾನಕ್ಕೆ, ಮಲ್ಲಂದೂರು ಕಡೆಯ ಮೂರೆಕರೆ ಕಾಫಿ, ಎರಡು ಹಸು ಹಾಗೂ ಒಂದು ಆನುವಂಶಿಕ ಔಷಧಿಯ ಒಡೆಯನಾದ ಶಂಭು ಬಾಗಿದಷ್ಟು ಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ತಪ್ಪೊಪ್ಪಿಗೆ. ತಾವು ತೋಟದ ಮೇಸ್ತ್ರಿ ಗುರುವಯ್ಯನ ವಶಕ್ಕೆ ಕೊಟ್ಟು ಹೋದ, ಆತ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಲಕೋಟೆಯನ್ನು ನಾನು ಕದ್ದು ತಂದು, ಡಿಕಾಕ್ಷನ್ನಿಗೆ ಇಟ್ಟ ನೀರಿನ ಆವಿಗೆ ಹಿಡಿದು ಬಿಡಿಸಿ, ಓದಿ, ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ್ದೇನೆ. ಅಂಟು ಸೊಗಸಾಗಿ ಬಂದಿದೆ.

ಈ ಅಧಃಪತನಕ್ಕೆ ತಾವೇ ಕಾರಣ. ತಾವು ಬರುವ ಮುನ್ನ ನಮ್ಮೂರಿನ ವೈದ್ಯಶಾಸ್ತ್ರ ಬಲು ಸುಸೂತ್ರವಾಗಿತ್ತು: ಬದುಕಿದ ಕರು ನಮ್ಮ ಉಂಡೆಯಿಂದ ಬದುಕುತ್ತಿತ್ತು, ಸತ್ತ ಕರು ತನ್ನ ಹಣೆಬರಹದಿಂದ ಸಾಯುತ್ತಿತ್ತು. ಈ ಮಳೆಗಾಲದಲ್ಲಿ ಹತ್ತು ಕರುಗಳಿಗೆ ಒಟ್ಟಿಗೆ ಭೇದಿ ಹತ್ತಿಕೊಂಡಾಗ ನಾನು ಉಂಡೆಯ ಬುಟ್ಟಿ ಹೊತ್ತು ಹೊರಟರೆ, ತಾವು ಅಡ್ಡ ನಿಂತು ಆಧಾರ ಕೇಳಿದಿರಿ. ಆಧಾರ್ ಕಾರ್ಡು ತೋರಿಸಿದೆ, ಸಾಲದೆಂದಿರಿ. ನನ್ನ ಉಂಡೆ ಮೂರೇ ದಿನದಲ್ಲಿ ಗುಣ ಮಾಡುತ್ತದೆ ಎಂದರೆ, "ಕೊಡದಿದ್ರೂ ಮೂರು ದಿನಕ್ಕೆ ಗುಣ ಆಗ್ತಿತ್ತೇನೋ ಶಂಭಣ್ಣ, ನೋಡಿದವ್ರು ಯಾರು?" ಎಂದು ಕೇಳಿದಿರಿ. ಮೂರು ತಲೆಮಾರಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಇಷ್ಟು ಮೃದುವಾಗಿ ಕೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಆಮೇಲಿನದು ಊರಿಗೇ ಗೊತ್ತು. ಹತ್ತಕ್ಕೂ ಉಪ್ಪು-ಸಕ್ಕರೆ ನೀರು. ಚೀಟಿ ಎತ್ತಿ ಐದಕ್ಕೆ ಕೆಂಪು ಮುಚ್ಚಳದ ಡಬ್ಬಿಯಿಂದ, ಐದಕ್ಕೆ ಹಸಿರು ಮುಚ್ಚಳದ ಡಬ್ಬಿಯಿಂದ ಉಂಡೆ. ಒಂದರಲ್ಲಿ ಗುಟ್ಟಿನ ತೊಗಟೆ ಬೆರೆಸಿದ ನಮ್ಮ ಅಸಲಿ ಉಂಡೆ, ಇನ್ನೊಂದರಲ್ಲಿ ಬರೀ ತವುಡು-ಬೆಲ್ಲದ್ದು. ಯಾವುದು ಯಾವುದೆಂಬುದು ಆ ಲಕೋಟೆಯಲ್ಲಿ. ಅಸಲಿ ಗೆದ್ದರೆ ತಾವೇ ಅದರ ಬಗ್ಗೆ ಇಲಾಖೆಗೆ ಬರೆಯುವುದು, ಸೋತರೆ ನಾನು ಗೇಟಿನ ಮೇಲಿನ 'ಮೂರು ತಲೆಮಾರಿನ ಕರು ಉಂಡೆ' ಬೋರ್ಡು ಇಳಿಸುವುದು ಎಂದು ಒಪ್ಪಂದವಾಯಿತು. ಅಜ್ಜ ಕೈಯಾರೆ ಬರೆದ ಬೋರ್ಡು, ಮಾನ್ಯರೇ.

ಕೆಂಪೇ ಅಸಲಿ ಎಂದು ಲಕೋಟೆಯಲ್ಲಿ ಓದಿದ ಗಳಿಗೆಯಿಂದ ನನ್ನ ಕಣ್ಣು ತೆರೆಯಿತು. ಕೆಂಪು ಡಬ್ಬಿಯ ಕರುಗಳ ಬಾಲದಲ್ಲಿ ಆತ್ಮಗೌರವ, ಕೂಗಿನಲ್ಲಿ ಶ್ರುತಿ. ಹಸಿರಿನವೋ, ಪರೀಕ್ಷೆಯಲ್ಲಿ ಫೇಲಾದವರ ಹಾಗೆ ನೆಲ ನೋಡುತ್ತಿದ್ದವು. ಅಂಥದೊಂದನ್ನು ಗುರುವಯ್ಯನಿಗೆ ತೋರಿಸಿದರೆ, "ಅದು ಹುಟ್ಟಿದಾಗಿಂದ ಹಾಗೇ ನೋಡೋದು ಮಾರಾಯ್ರೇ, ಅದರ ತಾಯಿನೂ ಹಾಗೇ" ಎಂದುಬಿಟ್ಟ. ವಿಜ್ಞಾನದ ಬಗ್ಗೆ ಆತನಿಗೆ ಇನ್ನೂ ತಿಳುವಳಿಕೆ ಸಾಲದು.

ಮೂರನೆಯ ದಿನ ಹತ್ತೂ ಕರುಗಳು ಗುಣವಾದವು. ಭೇದಿಯಲ್ಲಿ ಯಾವ ಭೇದವೂ ಇಲ್ಲವೆಂದು ತಾವು ಬರೆದುಕೊಂಡಿರಿ. ತಮ್ಮ ಪಟ್ಟಿಯಲ್ಲಿ ಸಗಣಿಗೆ ನಾಲ್ಕು ಕಾಲಂ ಇದ್ದು, ಬಾಲದ ಆತ್ಮಗೌರವಕ್ಕೆ ಒಂದೂ ಇಲ್ಲದಿರುವುದು ಯಾವ ನ್ಯಾಯ? ಆದ್ದರಿಂದ ಆ ಕಾಲಂ ಸೇರಿಸಬೇಕೆಂದೂ, ಅನಧಿಕೃತವಾಗಿ ಗುಣವಾದ ಐದು ಹಸಿರು ಕರುಗಳಿಗೆ ನೋಟಿಸು ಕೊಟ್ಟು, ಮತ್ತೊಮ್ಮೆ ಕಾಯಿಲೆ ಬಿದ್ದು ಕ್ರಮಬದ್ಧವಾಗಿ ನರಳುವಂತೆ ಆದೇಶಿಸಬೇಕೆಂದೂ, ಮುಂದೆ ಯಾವ ಕರುವೂ ನನ್ನ ಉಂಡೆ ತಲುಪುವ ಮುನ್ನ ತಾನಾಗಿ ಚೇತರಿಸಿಕೊಳ್ಳತಕ್ಕದ್ದಲ್ಲವೆಂದು ಸುತ್ತೋಲೆ ಹೊರಡಿಸಬೇಕೆಂದೂ ಕೋರುತ್ತೇನೆ. ಅಲ್ಲಿಯವರೆಗೆ ಬೋರ್ಡು ಇದ್ದಲ್ಲೇ ಇರುತ್ತದೆ.

ಆಧಾರವಿಲ್ಲದೆಯೂ ತಮ್ಮ ವಿಶ್ವಾಸಿ,
ಶಂಭು

ತಾ.ಕ.: ಕಾಗುಣಿತ ನೋಡಿಕೊಡೆಂದು ಈ ಪತ್ರವನ್ನು ನನ್ನ ಹೆಂಡತಿ ಕಾತ್ಯಾಯಿನಿಗೆ ಕೊಟ್ಟೆ. ನಮ್ಮಲ್ಲಿ ಉಂಡೆ ಕಟ್ಟುವವಳು ಅವಳೇ. ಓದಿ ಮುಗಿಸಿ ಅವಳು ಹೇಳಿದ್ದಿಷ್ಟು: "ಆ ತೊಗಟೆ ಮರ ಗಾಳಿಗೆ ಬಿದ್ದು ಆರು ವರ್ಷ ಆಯ್ತಲ್ಲ. ಅವತ್ತಿಂದ ನಾನು ಎಲ್ಲದಕ್ಕೂ ತವುಡು-ಬೆಲ್ಲನೇ ಕಟ್ತಿರೋದು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಬೋರ್ಡು ಇಳಿಸಿದ್ದೇನೆ, ಮಾನ್ಯರೇ. ಆದರೆ ನನ್ನನ್ನು ಕಾಡುತ್ತಿರುವುದು ಕರುಗಳ ಪ್ರಶ್ನೆಯಲ್ಲ. ಈ ಆರು ವರ್ಷವೂ ಹೊಟ್ಟೆ ಕೆಟ್ಟಾಗಲೆಲ್ಲ ನಾನೂ ಅದೇ ಉಂಡೆಯನ್ನು ನುಂಗಿ, ಮೂರೇ ದಿನದಲ್ಲಿ ಗುಣವಾಗುತ್ತಿದ್ದೆ.